ಬೆರಳುದ್ದದ ವಾಲ್ ಟ್ಯೂಬ್

ಹೆಸರಘಟ್ಟದ ಕಡೆ ಹೋಗುವ ರಸ್ತೆಯ ಅಂಚಿನಲ್ಲಿ ಇವತ್ತು ಬೆಳಿಗ್ಗೆ ಸೈಕಲ್ ಟ್ಯೂಬೊಂದು ಬಿದ್ದಿತ್ತು. ಎತ್ತಿ ನೋಡಿದೆ. ಹೊಸದು, ಮೈಮೇಲಿನ ಬಿಳಿ ಪುಡಿ ಕೂಡ ಹೋಗಿರಲಿಲ್ಲ. ಗಾಳಿ ತುಂಬಿ ಕೆನ್ನೆಯ ಹತ್ತಿರ ಹಿಡಿದರೆ ಒಂದೇ ಒಂದು ಕಡೆ ಸುಯ್ಯೆನ್ನುತ್ತಿತ್ತು. ಸೂಜಿಮೊನೆಯಷ್ಟು ತೂತಿಗಾಗಿ ಇಡೀ ಟ್ಯೂಬನ್ನು ಎಸೆದು ಹೋಗಿದ್ದಾರಲ್ಲ ಎಂದು ಬಂದ ಸಿಟ್ಟು ಮನೆ ತಲುಪಿದ ಮೇಲೂ ಇಳಿಯಲಿಲ್ಲ.

ಸವಾರಿಗೆ ಏನೇನು ಒಯ್ಯಬೇಕೆಂದು ಯಾರನ್ನು ಕೇಳಿದರೂ ಹೇಳುತ್ತಾರೆ: ಟೈರು ಬಿಚ್ಚುವ ಲಿವರ್ ಎರಡು, 4, 5, 6 ಮಿಲಿಮೀಟರಿನ ಅಲೆನ್ ಕೀ, ಚೈನ್ ತುಂಡಾದರೆ ಜೋಡಿಸುವ ಲಿಂಕು, ಸ್ಪೇರ್ ಟ್ಯೂಬು, ಕೈಪಂಪು. ಸೀಟಿನ ಕೆಳಗಿನ ಪುಟ್ಟ ಚೀಲ, ಚೌಕಟ್ಟಿಗೆ ಸಿಕ್ಕಿಸಿದ ಪಂಪು, ಅಷ್ಟರಲ್ಲಿ ಎಲ್ಲ ಮುಗಿಯಿತು. ಇದರಲ್ಲಿ ನನಗೆ ತಕರಾರಿಲ್ಲ. ತಕರಾರಿರುವುದು ಪ್ಯಾಚು, ಸೊಲ್ಯೂಷನ್ ಬಿಟ್ಟು ಹೊರಡುವವರ ಮೇಲೆ.

ಸ್ಪೇರ್ ಟ್ಯೂಬು ಒಂದು ಮುಳ್ಳಿಗೆ ಆಯಿತು. ನಮ್ಮ ಬೇಸಿಗೆಯ ರಸ್ತೆಯಂಚಿನಲ್ಲಿ ಮುಳ್ಳು ಒಂಟಿಯಾಗಿರುತ್ತದೆಯೇ? ಬಳ್ಳಾರಿ ಜಾಲಿಯ ಪಕ್ಕದಲ್ಲೇ ನೆಗ್ಗಿಲು. ನೆಗ್ಗಿಲ ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿಯೇ ನಿಲ್ಲುತ್ತದೆ. ಅಮೆರಿಕದ ಪಶ್ಚಿಮ ರಾಜ್ಯಗಳಿಗೂ ಹಬ್ಬಿ ಅಲ್ಲಿನ ಸವಾರರನ್ನೂ ಅದು ಹೀಗೆಯೇ ಕಾಡುತ್ತಿದೆ. ಹಾಗಾಗಿ ಟ್ಯೂಬು ಬದಲಿಸುವ ಮೊದಲು ಟೈರಿನ ಒಳಮೈ ಪೂರ್ತಿ ಬೆರಳಾಡಿಸಬೇಕು. ಟೈರಿನ ಮೇಲಿನ ಹೆಸರು ವಾಲ್ವಿನ ನೇರಕ್ಕೇ ಬರುವಂತೆ ಕೂರಿಸಿದ್ದರೆ, ಟ್ಯೂಬಿನ ತೂತನ್ನು ನೋಡಿಯೇ ಮುಳ್ಳು ಎಲ್ಲಿದೆಯೆಂದು ಹೇಳಬಹುದು.

ಇನ್ನು ಪ್ಯಾಚು. ಮರಳು ಕಾಗದದಲ್ಲಿ ಉಜ್ಜಿ, ಸೊಲ್ಯೂಷನ್ ತೆಳ್ಳಗೆ ಸವರಿ, ಕಾಯಬೇಕು. ಎಲ್ಲ ಕೆಡುವುದು ಈ ಕಾಯುವಲ್ಲಿಯೇ. ಒದ್ದೆಯಿರುವಾಗಲೇ ಒತ್ತಿಬಿಡುತ್ತಾರೆ, ಹತ್ತು ನಿಮಿಷದಲ್ಲಿ ಅಂಚು ಏಳುತ್ತದೆ, ಆಮೇಲೆ ಪ್ಯಾಚನ್ನು ಬೈಯುತ್ತಾರೆ! ಹೊಳಪು ಪೂರ್ತಿ ಆರಿದ ಮೇಲೆ ಒತ್ತಿ ನೋಡಿ. ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದರೆ ಅದು ಬಿಸಿಲಿಗೆ ಮೆದುವಾಗದೆ, ಚಳಿಗೆ ಸೆಟೆಯದೆ ಉಳಿಯುತ್ತದೆಂದು ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡನಲ್ಲ, ಆ ಬಗೆಯ ಬೆಸುಗೆಯೇ ಒಳ್ಳೆಯ ಪ್ಯಾಚಿನಡಿ ಒಲೆಯಿಲ್ಲದೆ ನಡೆಯುತ್ತದೆ. ಮರುದಿನ ಕಿತ್ತರೂ ಬಾರದು. ಒಮ್ಮೆ ತೆರೆದ ಸೊಲ್ಯೂಷನ್ ಮಾತ್ರ ಒಳಗೊಳಗೇ ಒಣಗುತ್ತದೆ. ಚೀಲದಲ್ಲಿ ಬಾಯಿ ಒಡೆಯದ್ದೇ ಇರಲಿ.

ನಮ್ಮೂರ ಸೈಕಲ್ ಶಾಪಿನವರು ಹಳೆಯ ಟ್ಯೂಬನ್ನೇ ಕತ್ತರಿಸಿ ಪ್ಯಾಚು ಮಾಡುತ್ತಿದ್ದರು. ನೀರಿನ ಬಾಣಲೆಯಲ್ಲಿ ಗುಳ್ಳೆ ಎದ್ದ ಜಾಗಕ್ಕೆ ಗುರುತು ಹಾಕಿ, ಉಜ್ಜಿ, ಸೊಲ್ಯೂಷನ್ ಸವರಿ ಸುಮ್ಮನೆ ಕೂರುತ್ತಿದ್ದರು. "ಆಯ್ತಾ ಅಣ್ಣಾ?" ಎಂದರೆ "ತಡಿಯೋ, ಆರಲಿ" ಎನ್ನುವರು. ಟ್ಯೂಬು ಒಳಗೆ ಹೋದ ಮೇಲೆ ನಮ್ಮ ಸರದಿ. ಪಂಪಿನ ಮೇಲೆ ಎರಡೂ ಕಾಲಿಟ್ಟು, ಮೈಯೆಲ್ಲ ಭಾರ ಬಿಟ್ಟು ಒತ್ತುವುದು ಹುಡುಗರ ಕೆಲಸವೇ ಆಗಿತ್ತು.

ಆದ್ದರಿಂದಲೇ 1913ರ ಟೂರ್ ಡಿ ಫ್ರಾನ್ಸಿನ ತೀರ್ಪೊಂದು ನನಗೆ ಇಂದಿಗೂ ಅನ್ಯಾಯವೆನಿಸುತ್ತದೆ. ಪಿರನೀಸ್ ಬೆಟ್ಟದ ಟೂರ್ಮಲೆ ಕಣಿವೆ ಇಳಿಯುವಾಗ ಯೂಜೀನ್ ಕ್ರಿಸ್ತೋಫನ ಸೈಕಲ್ಲಿನ ಫೋರ್ಕು ಮುರಿಯಿತು. ಬೇರೆಯವರ ನೆರವು ಪಡೆಯಕೂಡದೆಂಬ ನಿಯಮ. ಸೈಕಲ್ಲನ್ನು ಹೆಗಲ ಮೇಲೆ ಹೊತ್ತು, ಹತ್ತು ಕಿಲೋಮೀಟರಿಗೂ ಹೆಚ್ಚು ನಡೆದು, ಸೇಂತ್ ಮರಿ ದ ಕಂಪಾನ್ ಎಂಬ ಹಳ್ಳಿಯ ಕುಲುಮೆಯಲ್ಲಿ ತಾನೇ ಕಬ್ಬಿಣ ಕಾಯಿಸಿ, ತಾನೇ ಬಡಿದು ಫೋರ್ಕನ್ನು ಬೆಸೆದ. ಎರಡೂ ಕೈ ಕೆಲಸದಲ್ಲಿದ್ದಾಗ ಒಬ್ಬ ಹುಡುಗ ತಿದಿ ಒತ್ತಿದ. ಅಧಿಕಾರಿಗಳು ಅದಕ್ಕೆ ದಂಡ ಹಾಕಿದರು! ಗಾಳಿ ಒತ್ತುವುದು ನೆರವೆಂದು ಲೆಕ್ಕಕ್ಕೆ ಹಿಡಿಯಬೇಕಾದ ಸಂಗತಿಯೇ? ಪಂಪು ಇರುವ ಕಡೆ ಪಕ್ಕದಲ್ಲಿ ನಿಂತವನು ಒತ್ತಿಯೇ ಒತ್ತುತ್ತಾನೆ.

ನನ್ನ ಚೀಲದಲ್ಲಿ ನನ್ನ ಸೈಕಲ್ಲಿಗೆ ಬೇಡದ ವಸ್ತುವೊಂದಿದೆ: ಬೆರಳುದ್ದದ ವಾಲ್ ಟ್ಯೂಬ್. ನನ್ನ ಚಕ್ರದ್ದು ತೆಳ್ಳಗಿನ ಪ್ರೆಸ್ಟಾ ವಾಲ್ವು. ಅದಕ್ಕೆ ಇದರ ಗೊಡವೆಯಿಲ್ಲ. ಹಾಲಿನವರ, ಪೇಪರ್ ಹಾಕುವ ಹುಡುಗರ, ಕಟ್ಟಡ ಕೆಲಸಕ್ಕೆ ಹೋಗುವವರ ದೊಡ್ಡ ಸೈಕಲ್ಲುಗಳಲ್ಲಿ ಹಳೆಯ ಡನ್ಲಪ್ ವಾಲ್ವೇ ಹೆಚ್ಚು. ಅದರ ಪಿನ್ನಿಗೆ ತೊಡಿಸಿದ ಈ ರಬ್ಬರು ಗಾಳಿಯನ್ನು ಒಳಗೆ ಬಿಡುತ್ತದೆ, ಹೊರಗೆ ಬಿಡುವುದಿಲ್ಲ. ಬಿಸಿಲಿಗೆ ಸೀಳಿತೆಂದರೆ ಒಳ್ಳೆಯ ಟ್ಯೂಬೂ ನಿಲ್ಲದು. ಬೆಳಗಿನ ಆರು ಗಂಟೆಗೆ ಯಾವ ಶಾಪು ತೆರೆದಿರುತ್ತದೆ? ಪುಣ್ಯಕ್ಕೆ ಪ್ರೆಸ್ಟಾದ ಪಂಪಿನ ಬಾಯಿ ಡನ್ಲಪ್ ವಾಲ್ವಿಗೂ ಕೂರುತ್ತದೆ. ತುಂಡು ರಬ್ಬರು ತೊಡಿಸಿ, ತಿರುಪು ಬಿಗಿದು, ಪಂಪನ್ನು ಅವರ ಕೈಗೆ ಕೊಡುತ್ತೇನೆ. ಅಷ್ಟು ದೊಡ್ಡ ಟೈರಿಗೆ ನನ್ನ ಗೇಣುದ್ದದ ಪಂಪಿನಲ್ಲಿ ಗಾಳಿ ತುಂಬಿಸಬೇಕಾದರೆ ಇಬ್ಬರೂ ಸರದಿಯಲ್ಲಿ ಒತ್ತಬೇಕು.