ಕೂಸು ಯಾರ ಕೈಗೆ?

ಹುಡುಗಿ ಏಳನೇ ತರಗತಿ. ಆ ವರ್ಷ ಅವಳಿಗೆ ಪದೇ ಪದೇ ಜ್ವರ ಬರುತ್ತಿತ್ತು. ಶಾಲೆಯಲ್ಲಿ ಕೇಳಿದಾಗಲೆಲ್ಲ ಅವಳು ಹೇಳಿದ್ದು ಅದನ್ನೇ. ಒಂದು ವರ್ಷದಲ್ಲಿ ಅಷ್ಟು ಸಲ ಜ್ವರ ಬರುವ ಮಕ್ಕಳಿಲ್ಲ ಎಂಬುದು ಮೇಷ್ಟ್ರಿಗೂ ಗೊತ್ತಿತ್ತು. ಅವರು ಹೆಚ್ಚು ಕೆದಕಲಿಲ್ಲ.

ಮನೆಯಲ್ಲಿ ಒಂದೂವರೆ ವರ್ಷದ ತಮ್ಮನಿದ್ದ. ಅಮ್ಮ ರಾಮನಗರದ ಓಣಿಯೊಂದರಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತಾಳೆ. ಕನಕಪುರ, ಮಾಗಡಿ ಕಡೆಯ ರೈತರು ಗೂಡಿನ ಮಾರುಕಟ್ಟೆಯಲ್ಲಿ ಮೂಟೆ ಇಳಿಸುವ ಹೊತ್ತಿಗೆ ಇತ್ತ ಬೇಸಿನ್ನಿನಲ್ಲಿ ನೀರು ಕಾದಿರುತ್ತದೆ. ಬೆಂದ ಗೂಡಿನ ಎಳೆ ಹಿಡಿದು ಹಿಡಿದು ಸಂಜೆಗೆ ಬೆರಳೆಲ್ಲ ಬೆಳ್ಳಗೆ ಸುಕ್ಕುಗಟ್ಟುತ್ತವೆ. ಬಿಸಿನೀರು, ತಿರುಗುವ ರಾಟೆ, ಸತ್ತ ಹುಳುವಿನ ವಾಸನೆ. ಅಲ್ಲಿಗೆ ತೆವಳುವ ಕೂಸನ್ನು ಕರೆದೊಯ್ಯುವುದುಂಟೆ? ಅತ್ತೆ ಬದುಕಿರುವವರೆಗೆ ಆ ಚಿಂತೆ ಇರಲಿಲ್ಲ. ಅತ್ತೆ ತೀರಿಕೊಂಡ ಮೇಲೆ ಹುಡುಗಿಗೆ ಜ್ವರ ಶುರುವಾಯಿತು.

ತಾಯಿ ಒಮ್ಮೆ ಅಂಗನವಾಡಿಗೆ ಹೋಗಿ ಕೇಳಿದ್ದಳು. "ಮಿಸ್ಸೇ, ಇವನ್ನ ವಸಿ ಇಲ್ಲೇ ಬುಟ್ಟು ಹೋಗ್ಲಾ?"

"ಮೂರು ವರ್ಷ ತುಂಬ್ಲಿ ಕಣಮ್ಮ. ಇಷ್ಟು ಮಕ್ಳ ಮಧ್ಯೆ ಇವನ್ನ ಎಲ್ಲಿ ಮಲಗಿಸ್ಲಿ ಹೇಳು?"

ಆ ಮಾತಿನಲ್ಲಿ ನಿಷ್ಠುರವಿರಲಿಲ್ಲ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಆರಂಭವಾದಾಗ ಕರ್ನಾಟಕದಲ್ಲಿ ಅದಕ್ಕೆ ಮೊದಲು ಆಯ್ಕೆಯಾದದ್ದು ತಿ. ನರಸೀಪುರ. ಅಂದಿನಿಂದಲೂ ಅಂಗನವಾಡಿಯಲ್ಲಿ ಕೂತು ಕಲಿಯುವುದು, ಉಣ್ಣುವುದು 3ರಿಂದ 6 ವರ್ಷದ ಮಕ್ಕಳು. ಅದಕ್ಕಿಂತ ಚಿಕ್ಕವರ ಪಾಲಿನ ಆಹಾರ ಮನೆಗೆ ಹೋಗುತ್ತದೆ, ಕೂಸು ಅಲ್ಲಿ ಉಳಿಯುವುದಿಲ್ಲ. ಹಿಟ್ಟಿನ ಪೊಟ್ಟಣ ತಾಯಿಯ ಕೈ ಸೇರುತ್ತದೆ, ತಿನ್ನಿಸಲು ಮನೆಯಲ್ಲಿ ಯಾರಿದ್ದಾರೆ ಎಂದು ಯೋಜನೆ ಕೇಳುವುದಿಲ್ಲ.

ಇನ್ನು ಆ ಮಿಸ್ಸಿನ ಪಾಡು. ಮಕ್ಕಳನ್ನು ನೋಡಿಕೊಂಡು, ತೂಕ ಹಾಕಿ, ಹತ್ತಾರು ಲೆಕ್ಕಪುಸ್ತಕ ತುಂಬುವ ಆಕೆಗೆ ಸಿಗುವುದಕ್ಕೆ ಸಂಬಳವೆಂಬ ಹೆಸರಿಲ್ಲ, ಗೌರವಧನ. ಅದರಲ್ಲಿ ಕೇಂದ್ರದ ಲೆಕ್ಕವನ್ನು 2018ರಲ್ಲಿ ತಿಂಗಳಿಗೆ 4,500 ರೂಪಾಯಿಗೆ ಏರಿಸಲಾಯಿತು. ಅದರ ಮೇಲೆ ರಾಜ್ಯ ತನ್ನದನ್ನು ಸೇರಿಸುತ್ತದೆ. ಇಂಥವರಿಗೂ ಗ್ರಾಚ್ಯುಟಿ ಸಲ್ಲಬೇಕು ಎಂದು ಸುಪ್ರೀಂ ಕೋರ್ಟ್ ಹೇಳಲು 2022ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಮೊದಲ ತಲೆಮಾರಿನ ಎಷ್ಟೋ ಮಂದಿ ಬರಿಗೈಯಲ್ಲಿ ಮನೆ ಸೇರಿದ್ದರು.

ಕಾನೂನು ಇಲ್ಲವೆಂದಲ್ಲ. 30ಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಮಕ್ಕಳ ಕೋಣೆ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. 50 ನೌಕರರಿದ್ದರೆ ಶಿಶುಪಾಲನಾ ಕೇಂದ್ರ ಕಡ್ಡಾಯವೆಂದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಹೇಳಿತು. ಮೈಸೂರು ರಸ್ತೆಯ ದೊಡ್ಡ ಗಾರ್ಮೆಂಟ್ಸ್‌ಗೆ ಹೋಗುವವಳು ಈ ಲೆಕ್ಕದೊಳಗೆ ಬರುತ್ತಾಳೆ. ಹತ್ತು ಜನರ ನೂಲಿನ ಶೆಡ್ಡಿನವಳು ಬರುವುದಿಲ್ಲ. ಚನ್ನಪಟ್ಟಣದಲ್ಲಿ ಮನೆಯ ಜಗುಲಿಯಲ್ಲೇ ಬೊಂಬೆಗೆ ಅರಗಿನ ಬಣ್ಣ ಹಚ್ಚುವವಳಂತೂ ಯಾರ ಲೆಕ್ಕಕ್ಕೂ ಇಲ್ಲ. ಲೋಕದ ಮಕ್ಕಳಿಗೆಲ್ಲ ಆಟಿಕೆ ಕಳಿಸುವ ಊರು ಅದು.

ಲೆಕ್ಕಕ್ಕೆ ಸಿಗದ ಮಕ್ಕಳು ಎಲ್ಲಿ ಹೋಗುತ್ತಾರೆ ಎಂಬುದು ಈ ಸೀಮೆಗೆ ಹೊಸ ಪ್ರಶ್ನೆಯಲ್ಲ. ರಾಮನಗರ, ಮಾಗಡಿಯ ರೇಷ್ಮೆ ಶೆಡ್ಡುಗಳಲ್ಲಿ ಮುಂಗಡ ಸಾಲಕ್ಕೆ ದುಡಿಯುತ್ತಿದ್ದ ಎಳೆಯರ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ವರದಿಯನ್ನೇ ಪ್ರಕಟಿಸಿತ್ತು. ಮನೆಯಲ್ಲಿ ಕೂಸು ಆಡಿಸಲು ಶಾಲೆ ಬಿಡುವ ಹುಡುಗಿ ಅಂಥ ವರದಿಗೆ ಸಿಕ್ಕುವುದಿಲ್ಲ. ಅವಳು ಮಾಡುವುದನ್ನು ಯಾರೂ ಕೆಲಸವೆನ್ನುವುದಿಲ್ಲ. "ಅಮ್ಮನಿಗೆ ಆಸರೆ" ಎಂದು ಹೊಗಳುತ್ತಾರೆ. ಹಾಗೆ ಹೊಗಳುವವರಲ್ಲಿ ಓದಿದ ತಂದೆತಾಯಂದಿರೂ ಇದ್ದಾರೆ.

2022ರಲ್ಲಿ ಕೇಂದ್ರ ಸರ್ಕಾರ 'ಪಾಲನಾ' ಯೋಜನೆ ತಂದಿತು. ಹಿಂದಿಯಲ್ಲಿ ಹಾಗೆಂದರೆ ತೊಟ್ಟಿಲು. 6 ತಿಂಗಳಿಂದ 6 ವರ್ಷದವರೆಗಿನ ಮಕ್ಕಳಿಗೆ ಶಿಶುಪಾಲನಾ ಕೇಂದ್ರ, ನೂರಕ್ಕೆ 60 ರೂಪಾಯಿ ಕೇಂದ್ರದ್ದು, 40 ರಾಜ್ಯದ್ದು. ಮರುವರ್ಷದ ಬಜೆಟ್ಟಿನಲ್ಲಿ ಕರ್ನಾಟಕ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ ಹೇಳಿತು. ಹೆಸರೇನೋ ಚೆನ್ನಾಗಿದೆ. ಆದರೆ ಅದು ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ಹಳ್ಳಿಯ ತಾಯಂದಿರಿಗೆಂದು ಬಂದದ್ದು. ಈ ತಾಯಿ ಇರುವುದು ನಗರಸಭೆಯ ವಾರ್ಡಿನಲ್ಲಿ.

ಕಡೆಗೆ ಆಕೆ ತನ್ನದೇ ದಾರಿ ಹುಡುಕಿಕೊಂಡಳು. 2023ರ ಆಗಸ್ಟಿನಲ್ಲಿ ಗೃಹಲಕ್ಷ್ಮಿ ಯೋಜನೆ ಶುರುವಾದಾಗಿನಿಂದ ಖಾತೆಗೆ ಬೀಳುವ 2,000 ರೂಪಾಯಿ ರೇಷನ್ನಿಗೆ, ಚೀಟಿಗೆ ಕರಗುತ್ತಿತ್ತು. ಅದನ್ನು ಹಾಗೇ ಎತ್ತಿ ಪಕ್ಕದ ಮನೆಯ ಅಜ್ಜಿಗೆ ಕೊಟ್ಟಳು. "ಅಜ್ಜಿ, ನೀವೇ ನೋಡ್ಕಳಿ, ಮಗಳು ಸ್ಕೂಲಿಗೆ ಹೋಗ್ಲಿ." ಅಜ್ಜಿ ಮೊದಲು ಬೇಡವೆಂದರು, ಆಮೇಲೆ ಇಸಿದುಕೊಂಡರು. ಅವರಿಗೂ ಮಾತ್ರೆ ಖರ್ಚಿದೆ. ಹಣ ತಡವಾದ ತಿಂಗಳು ತಾಯಿ ಕೂಲಿಯಲ್ಲೇ ಹೊಂದಿಸಿ ಕೊಟ್ಟಳು. ಹುಡುಗಿಯ ಜ್ವರ ನಿಂತಿತು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತಕ್ಕೆ ಒಳ್ಳೆಯ ಅಂಕವೂ ಬಂತು.

ಈಗ ಅಜ್ಜಿಯ ಮಗಳಿಗೆ ಕನಕಪುರದಲ್ಲಿ ಹೆರಿಗೆಯಾಗಿದೆ. ಬಾಣಂತನಕ್ಕೆ ಹೋಗಲೇಬೇಕಲ್ಲ, ಮೂರು ತಿಂಗಳು. ಹುಡುಗಿ ಮತ್ತೆ ಮನೆಯಲ್ಲಿದ್ದಾಳೆ. ಸಂಜೆ ಗೆಳತಿ ನೋಟ್ಸ್ ತಂದು ಕೊಡುತ್ತಾಳೆ. ಭಿನ್ನರಾಶಿ ಮುಗಿದು ಬೀಜಗಣಿತ ಶುರುವಾಗಿದೆಯಂತೆ.