ಹಿಂತಿರುಗದ ಎಣ್ಣೆ

2022ರ ಡಿಸೆಂಬರಿನಲ್ಲಿ ಶಿವಮೊಗ್ಗದಿಂದ ಉಡುಪಿಗೆ ನಮ್ಮ ಹಳೆಯ ಕಾರಿನಲ್ಲಿ ಹೊರಟಿದ್ದೆವು. ತೀರ್ಥಹಳ್ಳಿಯಲ್ಲಿ ಕಾಫಿಗೆಂದು ಇಳಿದಾಗ ಸುಟ್ಟ ವಾಸನೆ. ಮುಂದಿನ ಎಡಚಕ್ರದ ಬಳಿ ಕೈಯಿಡಲಾಗದಷ್ಟು ಶಾಖ, ಬಲಚಕ್ರ ಉಗುರುಬೆಚ್ಚಗಿತ್ತು. ಮುಂದೆ ಆಗುಂಬೆ ಘಾಟಿ, ಹಿಂದಿನ ಸೀಟಿನಲ್ಲಿ ಮೊಮ್ಮಗಳು. ಪಿಸ್ಟನ್ ತುಕ್ಕು ಹಿಡಿದಿದೆಯೆಂದು ನಾನೇ ನಿರ್ಣಯಿಸಿ ಹಿಂದಿನ ತಿಂಗಳಷ್ಟೇ ಕ್ಯಾಲಿಪರ್ ಬದಲಾಯಿಸಿದ್ದೆ. (ಮೇಷ್ಟರ ನಿರ್ಣಯವನ್ನು ಮನೆಯಲ್ಲಿ ಯಾರು ಪ್ರಶ್ನಿಸುತ್ತಾರೆ!)

ಅಲ್ಲಿನ ಗ್ಯಾರೇಜಿನವನು ನನ್ನ ಹಳೆಯ ವಿದ್ಯಾರ್ಥಿ. ಜಾಕ್ ಏರಿಸಿ, ನನ್ನಿಂದ ಬ್ರೇಕ್ ಒತ್ತಿಸಿ ಬಿಡಿಸಿದ, ಚಕ್ರ ತಿರುಗಲಿಲ್ಲ. ರಬ್ಬರ್ ಹೋಸಿನ ಮೇಲ್ತುದಿಗೆ ಸೇರುವ ಉಕ್ಕಿನ ಕೊಳವೆಯನ್ನು ಸಡಿಲಿಸಿದ, ಆಗಲೂ ಇಲ್ಲ. ಕ್ಯಾಲಿಪರಿನ ಬ್ಲೀಡರ್ ಸಡಿಲಿಸಿದೊಡನೆ ಎಣ್ಣೆ ಚಿಮ್ಮಿ ಚಕ್ರ ತಿರುಗಿತು.

"ಹೋಸ್ ಒಳಗಡೆ ಊದ್ಕೊಂಡಿದೆ ಸಾರ್. ತುಳಿದರೆ ಎಣ್ಣೆ ಹೋಗುತ್ತೆ, ವಾಪಸ್ ಬರಲ್ಲ."

ದಶಕಗಳ ಕಾಲ ಪ್ಯಾಸ್ಕಲನ ನಿಯಮ ಬೋಧಿಸಿದವನು ನಾನು. ಕಾಲು ತೆಗೆದ ಮೇಲೆ ಎಣ್ಣೆ ಹಿಂದಕ್ಕೆ ಹೇಗೆ ಬರುತ್ತದೆಂದು ತರಗತಿಯಲ್ಲಿ ಒಮ್ಮೆ ಕೇಳಿದವನು ಇವನೇ. ಪರೀಕ್ಷೆಗೆ ಬಾರದ್ದನ್ನು ಕೇಳಬೇಡವೆಂದು ಗದರಿ ಕೂರಿಸಿದ್ದೆ. ಅದನ್ನು ನೆನಪಿಸಿದೆ.

"ಪಿಸ್ಟನ್ ಸುತ್ತ ರಬ್ಬರ್ ಸೀಲ್ ಇದೆಯಲ್ಲ ಸಾರ್, ಅದು ಬಾಗಿರುತ್ತೆ. ಒತ್ತಡ ಇಳಿದಾಗ ನೆಟ್ಟಗಾಗಿ ಪಿಸ್ಟನ್ನನ್ನ ಎಳ್ಕೊಳ್ಳುತ್ತೆ," ಎಂದು ನಕ್ಕ.

ಎರಡೂ ಬದಿಯ ಹೋಸ್ ಬದಲಿಸಿ, ಚಹದ ಬಣ್ಣಕ್ಕೆ ತಿರುಗಿದ್ದ ಎಣ್ಣೆ ತೆಗೆದು ಹೊಸದು ತುಂಬಿ, ಗಾಳಿ ಹೊರಡಿಸಿದ. ಕತ್ತಲಾಗುವ ಮುನ್ನ ಘಾಟಿಯಿಳಿದು ಸೋಮೇಶ್ವರ ತಲುಪಿದೆವು.