ಸಂಗಮದಲ್ಲಿ ಹತ್ತೊಂಬತ್ತನೆಯ ದಿನ

ಮಹಾಬಳೇಶ್ವರದಲ್ಲಿ ಹುಟ್ಟಿದ ಕೃಷ್ಣೆಯೂ, ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಪಟ್ಟದಕಲ್ಲು ಐಹೊಳೆಗಳ ಮಗ್ಗುಲಲ್ಲಿ ಹರಿದು ಬರುವ ಮಲಪ್ರಭೆಯೂ ಒಂದಾಗುವ ಪುಣ್ಯಸ್ಥಳವೇ ಕೂಡಲಸಂಗಮ. ಮಹಾತ್ಮ ಬಸವಣ್ಣನವರು ಬಾಲ್ಯದಲ್ಲಿ ವಿದ್ಯೆ ಕಲಿತದ್ದೂ, ಕಲ್ಯಾಣದ ಕ್ರಾಂತಿಯ ತರುವಾಯ ಲಿಂಗೈಕ್ಯರಾದದ್ದೂ ಇಲ್ಲಿಯೇ. ಅವರ ವಚನಗಳ ಅಂಕಿತದಲ್ಲಿ ಈ ಸಂಗಮದ ಹೆಸರೇ ಬೆರೆತಿರುವುದರಿಂದ, ನಮ್ಮ ಮನೆಗಳ ಮಕ್ಕಳು ಊರನ್ನು ಕಾಣುವ ಮೊದಲೇ ಅದರ ಹೆಸರನ್ನು ಬಲ್ಲರು.

2024ರ ನವೆಂಬರ್ ತಿಂಗಳಿನಲ್ಲಿ ನಾವು ಧಾರವಾಡದಿಂದ ಹೊರಟು ನವಲಗುಂದ, ನರಗುಂದ, ಬಾಗಲಕೋಟೆಗಳ ಮಾರ್ಗವಾಗಿ ಕ್ಷೇತ್ರವನ್ನು ತಲುಪಿದೆವು. ನನ್ನ ತಾಯಿ, ನಮ್ಮ ಮನೆಯವರು, ಹನ್ನೊಂದು ವರುಷದ ಮಗ ಮತ್ತು ನಾನು, ಹೀಗೆ ನಾಲ್ವರು. ರೊಟ್ಟಿ, ಚಟ್ನಿಪುಡಿಗಳ ಬುತ್ತಿ ಮೂವರಿಗೆ ಮಾತ್ರ ಇತ್ತು. ಮಗನ ಪಾಲಿಗೆ ಇದ್ದದ್ದು ಪೌಷ್ಟಿಕ ಪುಡಿಯ ಒಂದು ಡಬ್ಬಿ, ಕುದಿಸಿ ಆರಿಸಿದ ನೀರಿನ ಫ್ಲಾಸ್ಕು ಮತ್ತು ಒಂದು ಅಳತೆಯ ಲೋಟ.

ಆತನಿಗೆ ಕ್ರೋನ್ಸ್ ಎಂಬ ಕಾಯಿಲೆ. 1932ರಲ್ಲಿ ನ್ಯೂಯಾರ್ಕಿನ ವೈದ್ಯ ಕ್ರೋನ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ಇದನ್ನು ವಿವರಿಸಿದ್ದರಿಂದ ಈ ಹೆಸರು ಬಂದಿದೆ. ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಕರುಳಿನಲ್ಲಿ ಉರಿಯೂತವನ್ನು ಎಬ್ಬಿಸುತ್ತದೆ. ಬಾಯಿಯಿಂದ ಗುದದವರೆಗೆ ಎಲ್ಲಿಯಾದರೂ ಬರಬಹುದು. ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಹೆಚ್ಚು. ಹೊಟ್ಟೆನೋವು, ಭೇದಿ, ರಕ್ತಹೀನತೆ ಇದರ ಲಕ್ಷಣಗಳು. ಮಕ್ಕಳಲ್ಲಿ ಬೆಳವಣಿಗೆಯೇ ನಿಂತುಹೋಗುವುದುಂಟು. ನಮ್ಮ ದೇಶದಲ್ಲಿ ಕರುಳಿನ ಕ್ಷಯವೂ ಇದೇ ರೂಪದಲ್ಲಿ ಕಾಣಿಸಿಕೊಳ್ಳುವುದರಿಂದ, ಎರಡನ್ನೂ ಬೇರ್ಪಡಿಸಿ ತಿಳಿಯುವುದಕ್ಕೇ ಎಷ್ಟೋ ಸಲ ತಿಂಗಳುಗಳು ಹಿಡಿಯುತ್ತವೆ. ಇದು ಅಂಟುರೋಗವಲ್ಲ. ತಾಯಿ ಇಕ್ಕಿದ ಊಟದಿಂದ ಬಂದದ್ದೂ ಅಲ್ಲ.

ವೈದ್ಯರು ವಿಧಿಸಿದ ಚಿಕಿತ್ಸೆ ಕೇಳಲು ಸರಳ, ನಡೆಸಲು ಕಠಿಣ. ಎಂಟು ವಾರಗಳ ಕಾಲ, ಅಂದರೆ 56 ದಿನ, ನೀರು ಮತ್ತು ಆ ಪುಡಿಯ ಪಾನೀಯವಲ್ಲದೆ ಬೇರೇನನ್ನೂ ಬಾಯಿಗೆ ಹಾಕುವಂತಿಲ್ಲ. ಬಹುಪಾಲು ಮಕ್ಕಳಲ್ಲಿ ಇದರಿಂದ ಕರುಳಿನ ಉರಿ ಶಮನವಾಗುತ್ತದೆ. ಬೆಳೆಯುವ ದೇಹಕ್ಕೆ ಸ್ಟೀರಾಯ್ಡಿನಿಂದಾಗುವ ತೊಂದರೆಯೂ ತಪ್ಪುತ್ತದೆ. ಜೊತೆಗೆ ಅಜಾಥಿಯೋಪ್ರಿನ್ ಎಂಬ ಮಾತ್ರೆಯನ್ನು ಆರಂಭಿಸಿದ್ದರು. ಅದರ ಪೂರ್ಣ ಗುಣ ತಿಳಿಯಲು ಎರಡು ಮೂರು ತಿಂಗಳಾದರೂ ಬೇಕು. ಎರಡನೆಯ ವಾರದ ರಕ್ತಪರೀಕ್ಷೆಯಲ್ಲಿ ಉರಿಯೂತದ ಅಂಶ ತುಸು ಇಳಿದಿತ್ತಾದರೂ ತೂಕ ಏರಿರಲಿಲ್ಲ, ರಾತ್ರಿಯ ನೋವು ನಿಂತಿರಲಿಲ್ಲ. ಮನೆಯಲ್ಲಿ ಕುಳಿತು ದಿನ ಎಣಿಸುವುದು ಎಲ್ಲರಿಗೂ ಭಾರವಾದಾಗ, ವೈದ್ಯರ ಒಪ್ಪಿಗೆ ಪಡೆದು ಹೊರಟ ಯಾತ್ರೆಯಿದು. ಅಂದು ಹತ್ತೊಂಬತ್ತನೆಯ ದಿನ.

ಚಾಲುಕ್ಯ ಶೈಲಿಯ ಸಂಗಮೇಶ್ವರ ದೇವಾಲಯದ ದರ್ಶನವಾದ ಮೇಲೆ ಐಕ್ಯಮಂಟಪದತ್ತ ನಡೆದೆವು. 1982ರಲ್ಲಿ ಪೂರ್ಣಗೊಂಡ ನಾರಾಯಣಪುರದ ಅಣೆಕಟ್ಟಿನ ಹಿನ್ನೀರು ಇಲ್ಲಿಯವರೆಗೆ ಚಾಚಿದೆ. ಆ ನೀರಿನಲ್ಲಿ ಐಕ್ಯಸ್ಥಳ ಮುಳುಗದಂತೆ ಸುತ್ತಲೂ ಬಾವಿಯಂತೆ ಎತ್ತರದ ಗೋಡೆ ಕಟ್ಟಿ, ದಂಡೆಯಿಂದ ಸೇತುವೆ ಹಾಯಿಸಿ, ಒಳಗೆ ಮೆಟ್ಟಿಲುಗಳನ್ನು ಇಟ್ಟಿದ್ದಾರೆ. ಹೊರಗೆ ನದಿ ತುಂಬಿ ನಿಂತಿದ್ದರೂ ಭಕ್ತರು ಕೆಳಗಿಳಿದು ಐಕ್ಯಲಿಂಗದ ಮುಂದೆ ಒಣನೆಲದಲ್ಲಿ ಕೈಮುಗಿದು ನಿಲ್ಲಬಹುದು. ಮಗ ಇಳಿಯುವಾಗ ಅಜ್ಜಿಯ ಕೈ ಹಿಡಿದಿದ್ದ. ಏರುವಾಗ ಎರಡು ಸಲ ಕುಳಿತು ಸುಧಾರಿಸಿಕೊಂಡ. ಎತ್ತಿಕೊಳ್ಳಲು ನಾನು ಕೈಚಾಚಿದರೆ ತಲೆಯಾಡಿಸಿ ಬೇಡವೆಂದ.

ಸೇತುವೆಯ ಮೇಲೆ ನಿಂತು ಆತ ಬಹಳ ಹೊತ್ತು ನೀರನ್ನು ನೋಡಿದ. "ಅಪ್ಪಾ, ಎರಡೂ ಹೊಳಿ ಕೂಡೂದು ಎಲ್ಲಿ ಕಾಣತೈತಿ?" ಎಂದು ಕೇಳಿದ. ಹಿನ್ನೀರು ತುಂಬಿದ ಕಾಲದಲ್ಲಿ ಆ ಗೆರೆಯನ್ನು ತೋರಿಸಲು ಯಾರಿಂದಲೂ ಆಗದು. "ಕಾಣೂದಿಲ್ಲಪ್ಪಾ, ಆದರ ಕೂಡೇಬಿಟ್ಟಾವು," ಎಂದೆ. ಔಷಧಿಯ ವಿಷಯದಲ್ಲಿಯೂ ಅವನಿಗೆ ಹೇಳಬೇಕಾಗಿದ್ದ ಮಾತು ಅದೇ ಆಗಿತ್ತು. ಆದರೆ ಅಲ್ಲಿ ಕೂಡಿದೆಯೋ ಇಲ್ಲವೋ ನನಗೇ ತಿಳಿಯದಿದ್ದುದರಿಂದ ಸುಮ್ಮನಾದೆ.

ಮಧ್ಯಾಹ್ನ ದಾಸೋಹದ ಪಂಕ್ತಿಯಲ್ಲಿ ಕುಳಿತೆವು. ಗೋಧಿ ಹುಗ್ಗಿ, ಅನ್ನ, ಸಾರು. ಮಗನ ಮುಂದೆ ಮಾತ್ರ ಲೋಟ. ಪಕ್ಕದ ಪಂಕ್ತಿಯ ಹಿರಿಯ ತಾಯಿಯೊಬ್ಬರು ಮರುಗಿ, "ಪ್ರಸಾದ ಒಲ್ಲೆ ಅನಬಾರದ ತಂಗೀ. ಒಂದ ತುತ್ತು ಉಂಡರ ಏನೂ ಆಗೂದಿಲ್ಲ, ಸಂಗಮನಾಥ ಕಾಯತಾನ," ಎಂದರು. ಅವರ ಮಾತಿನಲ್ಲಿ ಇದ್ದುದು ಅಂತಃಕರಣವೇ. ನಮ್ಮ ಮನೆಯವರ ಕಣ್ಣು ತುಂಬಿತು. ಮಗ ಹುಗ್ಗಿಯ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿದ. ಹತ್ತೊಂಬತ್ತು ದಿನಗಳ ಆತನ ವ್ರತ ಆ ಒಂದು ತುತ್ತಿನ ಅಂಚಿನಲ್ಲಿ ನಿಂತಿತ್ತು.

ಆಗ ನನ್ನ ತಾಯಿ ಮಾತನಾಡದೆ ಮೊಮ್ಮಗನ ಲೋಟವನ್ನು ತೆಗೆದುಕೊಂಡರು. ಕೊರಳಿನ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು, ದಿನವೂ ತಮ್ಮ ಊಟವನ್ನು ಅರ್ಪಿಸುವಂತೆಯೇ ಆ ಪಾನೀಯವನ್ನು ಅರ್ಪಿಸಿ, ಮರಳಿ ಆತನ ಕೈಗಿತ್ತರು. "ಈಗ ಇದೂ ಪ್ರಸಾದ ಆತು. ಕುಡಿ ಮಗನ," ಎಂದರು. ಆ ಹಿರಿಯ ತಾಯಿ ಕೈಮುಗಿದು, "ಖರೇ ಐತಿ ಯವ್ವಾ," ಎಂದರು. ಲಿಂಗಕ್ಕೆ ಅರ್ಪಿಸಿ ಪಡೆದುದೆಲ್ಲ ಪ್ರಸಾದವೆಂದು ನಾವು ಸದಾ ಹೇಳುತ್ತೇವೆ. ರೋಗಿಯ ಪಥ್ಯಕ್ಕೂ ಅದು ಸಲ್ಲುತ್ತದೆ ಎಂಬುದು ನನಗೆ ಕಂಡದ್ದು ಅಂದು.

ಪವಾಡವೇನೂ ನಡೆಯಲಿಲ್ಲ. ಊರಿಗೆ ಮರಳಿದ ಮೇಲೂ ಕೆಲವು ರಾತ್ರಿ ನೋವು ಬಂದಿತು. ನಾಲ್ಕನೆಯ ವಾರ ಮುಗಿಯುವಾಗ ತೂಕ ಅರ್ಧ ಕಿಲೋ ಏರಿತು. 56 ದಿನ ತುಂಬಿದಾಗ ಮಲಪರೀಕ್ಷೆಯಲ್ಲಿ ಉರಿಯೂತದ ಅಳತೆ ಬಹಳಷ್ಟು ತಗ್ಗಿತ್ತು. ಆಮೇಲೆ ಗಂಜಿಯಿಂದ ಆರಂಭಿಸಿ ಒಂದೊಂದೇ ಆಹಾರವನ್ನು ಮರಳಿ ಕೊಟ್ಟೆವು. 2025ರ ಬಸವ ಜಯಂತಿಯಂದು ಆತ ಎಲ್ಲರೊಡನೆ ಪಂಕ್ತಿಯಲ್ಲಿ ಕುಳಿತು ಉಂಡ. ಕಾಯಿಲೆ ಬೇರುಸಹಿತ ಹೋಗಿಲ್ಲ. ಇದು ಶಮನವಾಗುವ ರೋಗ, ಅಳಿಯುವ ರೋಗವಲ್ಲ. ಮಾತ್ರೆಯೂ, ಕಾಲಕಾಲಕ್ಕೆ ರಕ್ತಪರೀಕ್ಷೆಯೂ ಮುಂದುವರಿದಿವೆ.

ಯಾತ್ರೆಗೆ ಬರುವ ಬಂಧುಗಳಲ್ಲಿ ಒಂದು ಬಿನ್ನಹವಿದೆ. ಮಠದಲ್ಲಿಯಾಗಲಿ, ಮದುವೆಮನೆಯಲ್ಲಿಯಾಗಲಿ, ಊಟ ಬೇಡವೆನ್ನುವ ಮಗು ಕಂಡರೆ ಒತ್ತಾಯಿಸುವ ಮೊದಲು, ವೈದ್ಯರು ಏನು ಹೇಳಿದ್ದಾರೆಂದು ತಾಯಿಯನ್ನು ಕೇಳಿರಿ. ಚಿಕಿತ್ಸೆ ಫಲಿಸುವುದನ್ನು ಕಾಯುತ್ತಿರುವ ಮನೆಯವರಿಗೆ ಆ ಒಂದು ಪ್ರಶ್ನೆಯೇ ದೊಡ್ಡ ದಾಸೋಹ.